ಕರುಳಿನ ಕಾವಲುಗಾರರನ್ನು ಹುಡುಕಿದ ಮೆಚ್ನಿಕೋಫ್

ಕೃಷಿ ಹೊಂಡದಲ್ಲೋ ಕೆರೆಯಲ್ಲೋ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟಿರುವ ನಿಮ್ಮಲ್ಲಿ ಅನೇಕರು ಪ್ರೋಬಯಾಟಿಕ್ ಎಂಬ ಹೆಸರನ್ನು ಕೇಳಿಯೇ ಇರುತ್ತೀರಿ. ಆಹಾರದಲ್ಲಿ ಬೆರೆಸುವ ಪುಡಿ, ನೀರಿಗೆ ಸುರಿಯುವ ದ್ರಾವಣ ಎಂದು ಅದು ಅಂಗಡಿಗೆ ಬಂದಿದೆ. ಅದರೊಳಗಿರುವುದು ಔಷಧವಲ್ಲ, ಗೊಬ್ಬರವೂ ಅಲ್ಲ, ಜೀವಂತ ಸೂಕ್ಷ್ಮಾಣುಗಳು. ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಾಣುಗಳನ್ನು ಬೇಕೆಂದೇ ಬೆಳೆಸಿ ಆರೋಗ್ಯ ಕಾಯಬಹುದು ಎಂಬ ಆಲೋಚನೆಯನ್ನು ಲೋಕಕ್ಕೆಲ್ಲ ಹರಡಿದವರು ಇಲ್ಯಾ ಮೆಚ್ನಿಕೋಫ್ ಎಂಬ ವಿಜ್ಞಾನಿ. ಅವರು ಗೆದ್ದದ್ದರಿಂದ ನಾವು ಎಷ್ಟು ಕಲಿಯಬಹುದೋ, ಎಡವಿದ್ದರಿಂದಲೂ ಅಷ್ಟೇ ಕಲಿಯಬಹುದು. ಹಣ ಕೊಟ್ಟು ಪುಡಿ ಕೊಳ್ಳುವ ಮುನ್ನ ಅವರ ಬದುಕನ್ನು ಒಮ್ಮೆ ತಿಳಿದುಕೊಳ್ಳಿ.

ಗೋಧಿ ತೆನೆಯ ದುಂಬಿ

ಮೆಚ್ನಿಕೋಫ್ ಹುಟ್ಟಿದ್ದು 1845ರಲ್ಲಿ, ಖಾರ್ಕೋವ್ ಪಟ್ಟಣದ ಸೀಮೆಯ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಗಳ ಆಳ್ವಿಕೆಗೆ ಸೇರಿತ್ತು; ಇಂದು ಉಕ್ರೇನ್ ದೇಶದಲ್ಲಿದೆ. ತಂದೆ ಜಮೀನುದಾರರು. ಹುಡುಗನಿಗೆ ಗಿಡ, ಹುಳು, ಜಲಚರಗಳದ್ದೇ ಹುಚ್ಚು. ವಿಶ್ವವಿದ್ಯಾಲಯದ 4 ವರ್ಷದ ಓದನ್ನು 2 ವರ್ಷದಲ್ಲಿ ಮುಗಿಸಿ, ಸಮುದ್ರದ ಸಣ್ಣ ಜೀವಿಗಳನ್ನು ಅಭ್ಯಾಸ ಮಾಡಲು ಜರ್ಮನಿ, ಇಟಲಿಗಳಿಗೆ ಹೋದರು. 1870ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಸಂಸಾರ ಮಾತ್ರ ಸುಖವಾಗಿರಲಿಲ್ಲ. 1869ರಲ್ಲಿ ಮದುವೆಯಾದಾಗಲೇ ಹೆಂಡತಿ ಲ್ಯುದ್ಮಿಲಾ ಕ್ಷಯರೋಗಿ. ನಡೆಯುವ ಶಕ್ತಿ ಇಲ್ಲದ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮದುವೆಗೆ ಹೊತ್ತು ತಂದಿದ್ದರು. 1873ರಲ್ಲಿ ಆಕೆ ತೀರಿಕೊಂಡರು. ದುಃಖದಲ್ಲಿ ಮೆಚ್ನಿಕೋಫ್ ಪ್ರಾಣ ಕಳೆದುಕೊಳ್ಳಲು ಹೊರಟು, ಅದೃಷ್ಟದಿಂದ ಬದುಕಿಕೊಂಡರು. ಮುಂದೆ ಮನುಷ್ಯನ ಆಯುಸ್ಸು ಹೆಚ್ಚಿಸುವ ಬಗೆ ಹುಡುಕಿದವರು ಇವರೇ ಎಂಬುದನ್ನು ನೆನೆದರೆ, ಕಷ್ಟದ ದಿನ ಬದುಕಿನ ಕೊನೆಯಲ್ಲವೆಂದು ನಿಮಗೂ ಅನ್ನಿಸದಿರದು. 1875ರಲ್ಲಿ ಅವರು ಓಲ್ಗಾ ಎಂಬುವರನ್ನು ಮದುವೆಯಾದರು. ಕೊನೆಯವರೆಗೂ ಅವರ ಕೆಲಸಕ್ಕೆ ಜೊತೆಯಾಗಿ ನಿಂತವರು ಆಕೆ.

1879ರ ಸುಮಾರಿಗೆ ಆ ಸೀಮೆಯ ಗೋಧಿಗೆ ಒಂದು ಜಾತಿಯ ದುಂಬಿಯ ಕಾಟ ವಿಪರೀತವಾಗಿತ್ತು. ಸತ್ತ ಹುಳುಗಳ ಮೈಮೇಲೆ ಹಸಿರು ಬೂಷ್ಟು ಬೆಳೆದಿರುವುದನ್ನು ಮೆಚ್ನಿಕೋಫ್ ಗಮನಿಸಿದರು. ಹುಳುಗಳನ್ನು ಕೊಂದದ್ದು ಆ ಬೂಷ್ಟೇ ಎಂದು ತೋರಿಸಿ, ಅದನ್ನು ಬೆಳೆಸಿ ಹೊಲಕ್ಕೆ ಹಾಕಬಹುದೆಂದು ಸೂಚಿಸಿದರು. ಇಂದು ನೀವು ತೆಂಗಿನ ಕುರುವಾಯಿ ದುಂಬಿಯ ಮರಿಹುಳುಗಳಿಗೆಂದು ತಿಪ್ಪೆಗೆ, ಗೊಣ್ಣೆಹುಳಕ್ಕೆಂದು ಹೊಲಕ್ಕೆ ಹಾಕುವ ಮೆಟಾರೈಜಿಯಂ ಅದೇ ಬೂಷ್ಟಿನ ಕುಲದ್ದು. ಜೀವಿಯನ್ನು ಜೀವಿಯಿಂದಲೇ ಹದ್ದಿನಲ್ಲಿಡಬಹುದು ಎಂಬ ಪಾಠ ಅವರಿಗೆ ಹೊಲದಲ್ಲಿಯೇ ಸಿಕ್ಕಿತು.

ಗುಲಾಬಿಯ ಮುಳ್ಳು

1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಯಿತು. ಆ ಬಳಿಕ ವಿಶ್ವವಿದ್ಯಾಲಯಗಳಲ್ಲಿ ಗಲಭೆ, ದಬ್ಬಾಳಿಕೆ ಹೆಚ್ಚಿದವು. ಬೇಸತ್ತ ಮೆಚ್ನಿಕೋಫ್ 1882ರಲ್ಲಿ ಕೆಲಸ ಬಿಟ್ಟು ಇಟಲಿಯ ಮೆಸ್ಸಿನಾ ಎಂಬ ಕಡಲೂರಿಗೆ ಹೋದರು. ಅಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರ ಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದರ ಮೈಯೊಳಗೆ ಕೆಲವು ಜೀವಕೋಶಗಳು ಅಲೆದಾಡುತ್ತಿದ್ದವು. ಅವು ಮೈಯ ಕಾವಲುಗಾರರಿರಬಹುದೇ ಎಂಬ ಯೋಚನೆ ಬಂತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಗೆ ಚುಚ್ಚಿದರು. ಬೆಳಗ್ಗೆ ನೋಡಿದರೆ ಆ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು.

ಆಮೇಲೆ ಅವರು ನೀರುಚಿಗಟವನ್ನು ಪರೀಕ್ಷೆಗೆ ತೆಗೆದುಕೊಂಡರು. ಕೊಳಕ್ಕೆ ಸಗಣಿ ಗೊಬ್ಬರ ಹಾಕಿದಾಗ ನೀರಿನಲ್ಲಿ ಹುಟ್ಟಿ, ಮೀನುಮರಿಗಳಿಗೆ ಮೇವಾಗುವ ಸಣ್ಣ ಜೀವಿಗಳಲ್ಲಿ ಇದೂ ಒಂದು. ಅದರ ಹೊಟ್ಟೆಗೆ ಹೋದ ಶಿಲೀಂಧ್ರದ ಬೀಜಕಗಳನ್ನು ಕಾವಲು ಜೀವಕೋಶಗಳು ನುಂಗಿದರೆ ನೀರುಚಿಗಟ ಬದುಕುತ್ತಿತ್ತು. ಶಿಲೀಂಧ್ರದ ಕೈ ಮೇಲಾದರೆ ಸಾಯುತ್ತಿತ್ತು. ಮನುಷ್ಯನ ರಕ್ತದ ಬಿಳಿಕಣಗಳೂ ಇದೇ ಕೆಲಸ ಮಾಡುತ್ತವೆ ಎಂದು ಅವರು ಸಾರಿದರು. ಅನೇಕ ವಿದ್ವಾಂಸರು ಒಪ್ಪಲಿಲ್ಲ. ವಾದ ಎರಡು ದಶಕಗಳಿಗೂ ಮೇಲ್ಪಟ್ಟು ನಡೆಯಿತು. 1908ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆತಿದ್ದು ಈ ಕೆಲಸಕ್ಕಾಗಿಯೇ.

ನಡುವೆ 1886ರಲ್ಲಿ ಒಡೆಸ್ಸಾದಲ್ಲಿ ಸೂಕ್ಷ್ಮಾಣು ಕೇಂದ್ರವೊಂದರ ಹೊಣೆ ಹೊತ್ತಿದ್ದರು. ಅವರು ಊರಲ್ಲಿಲ್ಲದಾಗ ಕೇಂದ್ರದವರು ಕುರಿಗಳಿಗೆ ನೆರಡಿ ರೋಗದ ಲಸಿಕೆ ಹಾಕಿಸಿ, ಸಾವಿರಾರು ಕುರಿಗಳು ಸತ್ತವು. ರೈತರ ನಷ್ಟ, ವೈದ್ಯರ ವಿರೋಧ ಎರಡೂ ಸೇರಿ ಅಲ್ಲಿ ನಿಲ್ಲುವಂತಿರಲಿಲ್ಲ. 1888ರಲ್ಲಿ ಲೂಯಿ ಪಾಸ್ಚರ್ ಪ್ಯಾರಿಸ್ಸಿನ ತಮ್ಮ ಸಂಸ್ಥೆಯಲ್ಲಿ ಅವರಿಗೆ ಜಾಗ ಕೊಟ್ಟರು. ಉಳಿದ ಬದುಕೆಲ್ಲ ಅಲ್ಲಿಯೇ ಕಳೆಯಿತು.

ಕಾಲರಾ ಮತ್ತು ಮೊಸರು

1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ ಹಬ್ಬಿತು. ರೋಗಾಣು ಹೊಟ್ಟೆ ಸೇರಿದವರೆಲ್ಲ ಏಕೆ ಮಲಗುವುದಿಲ್ಲ ಎಂದು ತಿಳಿಯಲು ಮೆಚ್ನಿಕೋಫ್ ತಾವೇ ಕಾಲರಾ ರೋಗಾಣುಗಳನ್ನು ಕುಡಿದರು. ಏನೂ ಆಗಲಿಲ್ಲ. ತಾನಾಗಿ ಮುಂದೆ ಬಂದ ಇನ್ನೊಬ್ಬರಿಗೂ ಏನೂ ಆಗಲಿಲ್ಲ. ಮತ್ತೊಬ್ಬರು ಮಾತ್ರ ಸಾವಿನ ಬಾಯಿಗೆ ಹೋಗಿ ಬಂದರು. ಇಂಥ ಪ್ರಯೋಗ ಇಂದು ಯಾರೂ ಮಾಡಬಾರದ್ದು. ಆದರೆ ಅದರಿಂದ ಒಂದು ದಾರಿ ಸಿಕ್ಕಿತು. ಗಾಜಿನ ತಟ್ಟೆಗಳಲ್ಲಿ ಬೆಳೆಸಿ ನೋಡಿದಾಗ ಕೆಲವು ಸೂಕ್ಷ್ಮಾಣುಗಳು ಕಾಲರಾ ರೋಗಾಣುವಿಗೆ ಒತ್ತಾಸೆಯಾದರೆ, ಕೆಲವು ಅದನ್ನು ಬೆಳೆಯಗೊಡುತ್ತಿರಲಿಲ್ಲ. ಹಾಗಾದರೆ ಕರುಳಿನಲ್ಲಿ ಮೊದಲೇ ನೆಲೆಸಿದವರು ಯಾರು ಎಂಬುದರ ಮೇಲೆ ರೋಗ ಬರುವುದೂ ಬಾರದಿರುವುದೂ ನಿಂತಿರಬೇಕು ಎಂದು ಅವರು ಬಗೆದರು.

ಹಾಲು ಹೆಪ್ಪಾಗಿ ಹುಳಿಯಾದರೆ ಬೇಗ ಕೊಳೆಯುವುದಿಲ್ಲ ಎಂಬುದು ನಿಮ್ಮ ಮನೆಯವರಿಗೆಲ್ಲ ಗೊತ್ತು. ಅದೇ ಹುಳಿ ಕರುಳಿನ ಕೊಳೆತವನ್ನೂ ತಡೆದರೆ ಮುಪ್ಪು ತಡವಾಗಬಹುದೆಂಬುದು ಮೆಚ್ನಿಕೋಫ್ ಅವರ ಲೆಕ್ಕ. ಬಲ್ಗೇರಿಯಾ ದೇಶದಲ್ಲಿ ಮೊಸರುಣ್ಣುವ ಹಳ್ಳಿಗರು ಬಹುಕಾಲ ಬದುಕುತ್ತಾರೆಂಬ ಮಾತು ಅವರ ಕಿವಿಗೆ ಬಿದ್ದಿತ್ತು. 1904ರಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪಿನ ಬಗ್ಗೆ ಭಾಷಣ ಮಾಡಿದರು. 1905ರಲ್ಲಿ ಸ್ಟಾಮೆನ್ ಗ್ರಿಗೊರೋವ್ ಎಂಬ ಬಲ್ಗೇರಿಯಾದ ಯುವಕ ಆ ಮೊಸರಿನ ಸೂಕ್ಷ್ಮಾಣುವನ್ನು ಗುರುತಿಸಿದ. ಯೂರೋಪಿನಲ್ಲೆಲ್ಲ ಮೊಸರಿಗೆ, ಮೊಸರಿನ ಗುಳಿಗೆಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಮಾರುವವರು ಹೇಳಿದ್ದಕ್ಕೆ ಮಿತಿಯೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ದಿನವೂ ಹುಳಿ ಹಾಲು ಕುಡಿಯುತ್ತಿದ್ದ ಮೆಚ್ನಿಕೋಫ್ 1916ರ ಜುಲೈ 15ರಂದು ಹೃದ್ರೋಗದಿಂದ ತೀರಿಕೊಂಡರು. ಆಗ ಅವರಿಗೆ 71 ವರ್ಷ.

ಎಡವಿದ್ದು ಎಲ್ಲಿ?

1921ರಲ್ಲಿ ಅಮೆರಿಕದ ವಿಜ್ಞಾನಿ ಲಿಯೋ ರೆಟ್ಗರ್ ಮತ್ತು ಅವರ ಜೊತೆಗಾರರು ತಮ್ಮ ಪರೀಕ್ಷೆಗಳನ್ನು ಪ್ರಕಟಿಸಿದರು. ಬಲ್ಗೇರಿಯಾದ ಮೊಸರಿನ ಸೂಕ್ಷ್ಮಾಣು ಮನುಷ್ಯನ ಕರುಳಿನಲ್ಲಿ ಬೇರೂರುವುದಿಲ್ಲ. ನೆಂಟನಂತೆ ಬಂದು ಹೊರಟುಹೋಗುತ್ತದೆ ಎಂದು ಅವು ತೋರಿಸಿದವು. ಮೆಚ್ನಿಕೋಫ್ ಹಾಕಿದ ದಾರಿ ಸರಿ, ಆರಿಸಿದ ಸೂಕ್ಷ್ಮಾಣು ಸರಿಯಾಗಿರಲಿಲ್ಲ. ಮೀನು ಸಾಕುವ ನಿಮಗೆ ಬೇಕಾದ ಪಾಠ ಇಲ್ಲೇ ಇದೆ.

ಮೊಸರಿನ ಆ ಸೂಕ್ಷ್ಮಾಣುವಿಗೆ 40 ಡಿಗ್ರಿಗೂ ಮೇಲಿನ ಬಿಸಿ ಹಿತ. ಮೀನಿನ ಮೈಯೋ ನೀರು ಎಷ್ಟು ತಂಪೋ ಅಷ್ಟೇ ತಂಪು. ಗೆಂಡೆ ಜಾತಿಯ ಮೀನುಗಳಿಗೆ ಒಗ್ಗುವುದು 25ರಿಂದ 30 ಡಿಗ್ರಿಯ ನೀರು. ದನದ ಹೊಟ್ಟೆಗೂ ಕೋಳಿಯ ಹೊಟ್ಟೆಗೂ ಒಗ್ಗಿದ್ದು ಮೀನಿಗೂ ಒಗ್ಗಬೇಕೆಂದಿಲ್ಲ. ಆದ್ದರಿಂದಲೇ ವಿಜ್ಞಾನಿಗಳು ಈಗ ಆರೋಗ್ಯವಾದ ಮೀನಿನ ಕರುಳಿನಿಂದಲೇ ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್ ಮುಂತಾದ ಜಾತಿಗಳನ್ನು ಬೇರ್ಪಡಿಸುತ್ತಾರೆ. ಗೆಂಡೆ ಮೀನುಗಳಿಗೆ ಹುಣ್ಣು, ಹೊಟ್ಟೆಯುಬ್ಬರ ತರುವ ಏರೋಮೋನಾಸ್ ರೋಗಾಣುವಿನ ಪಕ್ಕದಲ್ಲಿ ಬೆಳೆಸಿ, ಯಾವುದು ಅದನ್ನು ತಡೆಯುತ್ತದೆಂದು ನೋಡುತ್ತಾರೆ. ಮೀನಿಗೆ ಅದರಿಂದ ತೊಂದರೆ ಇಲ್ಲವೆಂದು ಖಚಿತವಾದ ಮೇಲೆ ಆಹಾರದಲ್ಲಿ ಕೊಡುತ್ತಾರೆ. ಆಮೇಲೆ ರೋಗಾಣು ಸೋಕಿಸಿ ಎಷ್ಟು ಮೀನು ಉಳಿಯಿತೆಂದು ಎಣಿಸುತ್ತಾರೆ. ತಟ್ಟೆಯಲ್ಲಿ ಗೆದ್ದದ್ದು ಕೊಳದಲ್ಲಿ ಸೋತ ಉದಾಹರಣೆಗಳೂ ಉಂಟು.

ಒಳ್ಳೆಯ ಸೂಕ್ಷ್ಮಾಣು ಕರುಳಿನಲ್ಲಿ ಜಾಗ ಹಿಡಿದು ರೋಗಾಣುವಿಗೆ ಎಡೆ ಕೊಡುವುದಿಲ್ಲ, ಅದರ ಪಾಲಿನ ಆಹಾರ ತಿನ್ನುತ್ತದೆ, ಅದಕ್ಕೆ ಆಗದ ಆಮ್ಲ ಮುಂತಾದವನ್ನು ಸ್ರವಿಸುತ್ತದೆ. ಕೆಲವು ಜಾತಿಗಳು ಮೇವು ಅರಗಲೂ ನೆರವಾಗುತ್ತವೆ. ಮೀನುಮರಿ ಬಾಯಿ ತೆರೆದ ದಿನದಿಂದ ಕೊಳದ ನೀರೇ ಅದರ ಹೊಟ್ಟೆಗೆ ಹೋಗುವುದರಿಂದ, ನೀರು ಕೆಟ್ಟರೆ ಯಾವ ಪುಡಿಯೂ ಕಾಯಲಾರದು.

ಕೊಳ್ಳುವ ಮುನ್ನ

ಪೊಟ್ಟಣದ ಮೇಲೆ ಸೂಕ್ಷ್ಮಾಣುವಿನ ಹೆಸರು, ಗ್ರಾಮಿಗೆ ಎಷ್ಟು ಜೀವಂತ ಇವೆ ಎಂಬ ಲೆಕ್ಕ, ಅವಧಿ ಮುಗಿಯುವ ದಿನಾಂಕ ಇವು ಮೂರೂ ಇವೆಯೇ ನೋಡಿ. ಬಿಸಿಲಿಗೆ ಇಡಬೇಡಿ, ಬಿಸಿ ಮೇವಿಗೆ ಬೆರೆಸಬೇಡಿ. ಬ್ಲೀಚಿಂಗ್ ಪುಡಿಯನ್ನೋ ಪೊಟ್ಯಾಸಿಯಂ ಪರ್ಮಾಂಗನೇಟನ್ನೋ ಹಾಕಿದ ನೀರಿಗೆ ಕೂಡಲೇ ಸುರಿದರೆ ಒಳ್ಳೆಯವೂ ಸಾಯುತ್ತವೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಔಷಧಗಳು ಮೀನು ಸಾಕಣೆಯಲ್ಲಿ ನಿಷಿದ್ಧ ಎಂಬುದನ್ನೂ ಮರೆಯಬೇಡಿ. ಎರಡು ಕೊಳಗಳಿದ್ದರೆ ಒಂದೇ ದಿನ, ಒಂದೇ ಅಳತೆಯ ಮರಿ ಬಿಟ್ಟು, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸರಿಸಮವಾಗಿ ಕೊಟ್ಟು, ಒಂದಕ್ಕೆ ಮಾತ್ರ ಪುಡಿ ಬೆರೆಸಿ. ತಿಂಗಳಿಗೊಮ್ಮೆ ಬಲೆ ಹಾಕಿ ತೂಕ ಬರೆದಿಡಿ, ಸತ್ತವನ್ನೂ ಎಣಿಸಿ. ಹಿಡಿದ ಮೀನಿನ ಹೆಚ್ಚುವರಿ ತೂಕ ಪುಡಿಯ ಖರ್ಚನ್ನು ಮೀರಿದರೆ ಮುಂದಿನ ಬೆಳೆಗೆ ಎರಡೂ ಕೊಳಕ್ಕೆ ಹಾಕಿ. ಮೀರದಿದ್ದರೆ ಆ ಹಣವನ್ನು ಒಳ್ಳೆಯ ಮರಿ ಕೊಳ್ಳಲು ಬಳಸಿ.