ಹಾಡು ಬರೆದ ಸುಲ್ತಾನ: ಎರಡನೇ ಇಬ್ರಾಹಿಂ ಆದಿಲ್‌ಷಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾವು ಯಾವ ತಾಲ್ಲೂಕಿನವರಾದರೂ ಶಾಲೆಯಲ್ಲಿದ್ದಾಗ ಒಮ್ಮೆಯಾದರೂ ಬಸ್ಸಿನಲ್ಲಿ ಗೋಲ್ ಗುಂಬಜ್ ನೋಡಲು ಹೋದವರೇ. ಒಳಗೆ ಕೂಗಿ, ಪ್ರತಿಧ್ವನಿ ಕೇಳಿ, ಬುತ್ತಿ ಉಂಡು ಹಿಂದಿರುಗಿದ್ದೇವೆ. ಅದನ್ನು ಕಟ್ಟಿಸಿದ ಮುಹಮ್ಮದ್ ಆದಿಲ್‌ಷಾನ ಹೆಸರು ಎಲ್ಲರಿಗೂ ಗೊತ್ತು. ಅವನ ತಂದೆ ಹಾಡು ಬರೆಯುತ್ತಿದ್ದ ಎಂಬುದು ನನಗೆ ತಿಳಿದದ್ದು ಈ ವರ್ಷ, ಓದಿದ ಮೇಲೆಯೇ.

1580ರಲ್ಲಿ ಒಂದನೇ ಅಲಿ ಆದಿಲ್‌ಷಾ ಕೊಲೆಯಾದಾಗ ಅವನ ಸಹೋದರನ ಮಗ ಇಬ್ರಾಹಿಂನನ್ನು ಪಟ್ಟಕ್ಕೆ ಕೂರಿಸಿದರು. ವಯಸ್ಸು ಸುಮಾರು ಒಂಬತ್ತು, ಅಂದರೆ ನಾಲ್ಕನೇ ತರಗತಿಯ ಹುಡುಗ. ಅಲಿಯ ಪತ್ನಿ ಚಾಂದ್ ಬೀಬಿ ಅವನಿಗೆ ಆಸರೆಯಾದಳು. ಸರದಾರರು ಅಧಿಕಾರಕ್ಕಾಗಿ ಕಚ್ಚಾಡಿದರು. ಕಿಶ್ವರ್ ಖಾನ್ ಎಂಬವನು ಚಾಂದ್ ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ನಂತರ ದಿಲಾವರ್ ಖಾನ್ ಹುಡುಗನ ಹೆಸರಿನಲ್ಲಿ ತಾನೇ ಆಳಿದ. 1590ರಲ್ಲಿ ಇಬ್ರಾಹಿಂ ಅವನನ್ನು ಹೊರದಬ್ಬಿ ನಿಜವಾದ ಸುಲ್ತಾನನಾದ. ಕೆಲವೇ ವರ್ಷಗಳಲ್ಲಿ, ಬೆಳಗಾವಿಯಲ್ಲಿ ದಂಗೆಯೆದ್ದ ಸ್ವಂತ ತಮ್ಮ ಇಸ್ಮಾಯಿಲ್‌ನ ಪ್ರಾಣವನ್ನೂ ತೆಗೆಸಿದ. ಇಬ್ರಾಹಿಂನನ್ನು ಹೊಗಳುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು ಅನ್ನಿಸಿತು.

ಇಂಥ ಅರಮನೆಯಲ್ಲಿ ಬೆಳೆದವನು ಹಿಡಿದದ್ದು ತಂಬೂರಿ. ಅದಕ್ಕೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ತನ್ನ ಹಾಡುಗಳನ್ನು ಕಿತಾಬ್-ಎ-ನೌರಸ್ ಎಂಬ ಪುಸ್ತಕದಲ್ಲಿ ಸೇರಿಸಿದ. ಅದರಲ್ಲಿ 59 ಹಾಡು, 17 ದ್ವಿಪದಿಗಳಿವೆ. ಭಾಷೆ ದಖನಿ. ಪರ್ಷಿಯನ್ ಕವಿ ಜುಹೂರಿ ಇದಕ್ಕೆ ಮುನ್ನುಡಿ ಬರೆದ. ಹಾಡುಗಳಲ್ಲಿ ಕಲಬುರಗಿಯ ಹಜರತ್ ಬಂದೇ ನವಾಜರ ಸ್ಮರಣೆಯಿದೆ, ಸರಸ್ವತಿ-ಗಣಪತಿಯರ ಸ್ತುತಿಯಿದೆ, ಆತಿಶ್ ಖಾನ್ ಎಂಬ ಪ್ರೀತಿಯ ಆನೆಯ ಮಾತೂ ಇದೆ! ಜನ ಅವನನ್ನು ಜಗದ್ಗುರು ಎಂದು ಕರೆದರು.

ನನ್ನ ಗೆಳೆಯನೊಬ್ಬ ಅಮೆರಿಕದ ಸಿಯಾಟಲ್ ನಗರದ ಗ್ರಂಜ್ ಸಂಗೀತದ ಚರಿತ್ರೆ ಓದುತ್ತಿರುತ್ತಾನೆ. ಆ ಸಂಗೀತದ ಹೆಸರಾಂತ ಗಾಯಕ ಕರ್ಟ್ ಕೋಬೇನ್ 1994ರಲ್ಲೇ ತೀರಿಕೊಂಡ. ಆದರೂ ಅವನ ನಿರ್ವಾಣ ತಂಡದ 1991ರ ನೆವರ್‌ಮೈಂಡ್ ಆಲ್ಬಂ ಹಚ್ಚಿ, ಪುಸ್ತಕದಲ್ಲಿ ಬರೆದದ್ದು ಖರೆಯೋ ಸುಳ್ಳೋ ಎಂದು ಗೆಳೆಯ ಕಿವಿಯಿಂದಲೇ ತೀರ್ಮಾನಿಸುತ್ತಾನೆ. ನನಗೆ ಆ ಅನುಕೂಲವಿಲ್ಲ. ನೌರಸ್‌ನ ಹಾಡುಗಳಿಗೆ ಭೂಪಾಲಿ, ಕಲ್ಯಾಣ, ಕಾನಡಾ ಎಂದು ರಾಗದ ಹೆಸರುಗಳಿವೆ, ಸ್ವರಲಿಪಿಯಿಲ್ಲ. ಸುಲ್ತಾನ ಎಲ್ಲಿ ಎಳೆಯುತ್ತಿದ್ದ, ಎಲ್ಲಿ ನಿಲ್ಲಿಸುತ್ತಿದ್ದ ಎಂಬುದು ಅವನ ಜೊತೆಗೇ ಹೋಯಿತು. ಉಳಿದ ಮಾತುಗಳನ್ನು ನಜೀರ್ ಅಹ್ಮದ್ ಎಂಬ ವಿದ್ವಾಂಸರು ಹಸ್ತಪ್ರತಿಗಳಿಂದ ಸಂಪಾದಿಸಿ 1956ರಲ್ಲಿ ಅಚ್ಚು ಹಾಕಿಸಿದರು. ಅವರು ಕೂತು ಓದದಿದ್ದರೆ ಅವು ನಮ್ಮಂಥವರ ಕೈಗೆ ಎಲ್ಲಿ ಸಿಗುತ್ತಿದ್ದವು? ಒಂದೆರಡು ಸಾಲು ಮನೆಯಲ್ಲಿ ಓದಿದಾಗ ಅಮ್ಮ ನಕ್ಕಳು. ಕೆಲವು ಶಬ್ದ ನಾವು ಅಡುಗೆಮನೆಯಲ್ಲಿ ಆಡುವವೇ.

1599ರಲ್ಲಿ ಇಬ್ರಾಹಿಂ ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಬಳಿ, ನೌರಸ್‌ಪುರ ಎಂಬ ಹೊಸ ನಗರವನ್ನೇ ಕಟ್ಟಲು ಆರಂಭಿಸಿದ. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್ ಭಾತವಾಡಿಯಲ್ಲಿ ಮೊಗಲರನ್ನೂ ಅವರ ಜೊತೆಗಿದ್ದ ವಿಜಯಪುರದ ಸೈನ್ಯವನ್ನೂ ಸೋಲಿಸಿ, ನೇರವಾಗಿ ಬಂದು ಆ ನಗರವನ್ನು ಹಾಳುಗೆಡವಿದ. ಇಪ್ಪತ್ತೈದು ವರ್ಷದ ಕೆಲಸ ಹೋಯಿತು. ಮುದುಕನಾಗುತ್ತಿದ್ದ ಸುಲ್ತಾನ ಅದನ್ನು ಕಣ್ಣಾರೆ ಕಂಡ. 1627ರಲ್ಲಿ ತೀರಿಕೊಂಡ. ಮಲಿಕ್ ಸಂದಲ್ ಕಟ್ಟಿದ ಇಬ್ರಾಹಿಂ ರೋಜಾದಲ್ಲಿ ಬೇಗಂ ತಾಜ್ ಸುಲ್ತಾನಾ ಜೊತೆ ಅವನ ಸಮಾಧಿಯಿದೆ.

ತೊರವಿಯ ಸಂಗೀತ ಮಹಲ್ ಈಗ ಪಾಳುಗೋಡೆ, ದೊಡ್ಡ ಕಮಾನು ಮಾತ್ರ. ಈ ಸಲ ಕಾಲೇಜಿನ ಪ್ರವಾಸ ವಿಜಯಪುರಕ್ಕೆ ಹೋದರೆ, ಗೋಲ್ ಗುಂಬಜ್ ಆದ ಮೇಲೆ ಬಸ್ಸನ್ನು ಅಲ್ಲಿಗೂ ಒಮ್ಮೆ ತಿರುಗಿಸಿರೆಂದು ಸರ್ ಅವರನ್ನು ಕೇಳಬೇಕೆಂದಿದ್ದೇನೆ.