ಡಕೋಟದ ಸಾರಥಿ ಮೆಹರ್ ಸಿಂಗ್

1949ರ ಜನವರಿಯಲ್ಲಿ ನಮ್ಮ ದೇಶದಲ್ಲಿ ರಾತ್ರಿಯ ವಿಮಾನ ಅಂಚೆ ಆರಂಭವಾಯಿತು. ಅಂದಿನ ಮದರಾಸಿನಿಂದ ಟಪಾಲು ಚೀಲಗಳನ್ನು ಹೊತ್ತು ನಾಗಪುರಕ್ಕೆ ಹಾರುತ್ತಿದ್ದುದು ಡಕೋಟ ವಿಮಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಇಂತಹ ವಿಮಾನಗಳು ದುರಸ್ತಿಗೊಳ್ಳುತ್ತಿದ್ದವು. ಅದೇ ಡಕೋಟವನ್ನು ಲಡಾಖದಲ್ಲಿ ಇಳಿಸಿದ ಏರ್ ಕಮಡೋರ್ ಮೆಹರ್ ಸಿಂಗರ ಚರಿತ್ರೆಯನ್ನು ವಿದ್ಯಾರ್ಥಿಗಳ ಮುಂದಿಡಲು ನಾವು ಬಯಸುತ್ತೇವೆ.

ಮೆಹರ್ ಸಿಂಗರು 1915ರ ಮಾರ್ಚ್ 20ರಂದು ಪಂಜಾಬಿನ ಲಾಯಲ್ಪುರ ಪ್ರಾಂತದಲ್ಲಿ ಜನಿಸಿದರು. ಇಂಗ್ಲೆಂಡಿನ ಕ್ರಾನ್‌ವೆಲ್ ಶಾಲೆಯಲ್ಲಿ ಶಿಕ್ಷಣ ಪಡೆದು 1936ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಬರ್ಮಾ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕಾಗಿ 1944ರಲ್ಲಿ ಡಿ.ಎಸ್.ಒ. ಗೌರವಕ್ಕೆ ಪಾತ್ರರಾದರು.

1947ರಲ್ಲಿ ಕಾಶ್ಮೀರದ ಯುದ್ಧ ಬಂದೊದಗಿತು. ಪೂಂಛ್ ಪಟ್ಟಣವನ್ನು ಶತ್ರುಗಳು ಸುತ್ತುಗಟ್ಟಿದರು. ಒಳಗಿದ್ದ ಸೈನಿಕರಿಗೂ ಸಾವಿರಾರು ನಿರಾಶ್ರಿತರಿಗೂ ಆಕಾಶಮಾರ್ಗವೊಂದೇ ಗತಿಯಾಯಿತು. ಬ್ರಿಗೇಡಿಯರ್ ಪ್ರೀತಮ್ ಸಿಂಗರ ಮುಂದಾಳುತನದಲ್ಲಿ ಅಲ್ಲಿಯವರೇ ನೆಲ ಸಮ ಮಾಡಿ ಚಿಕ್ಕದೊಂದು ವಿಮಾನದಾರಿಯನ್ನು ನಿರ್ಮಿಸಿದರು. ಡಿಸೆಂಬರಿನಲ್ಲಿ ಮೆಹರ್ ಸಿಂಗರು ತಾವೇ ಮೊದಲಿಗರಾಗಿ ಅಲ್ಲಿ ಇಳಿದರು.

ಡಕೋಟಕ್ಕೆ ಸರಕು ತುಂಬುವುದು ಸುಲಭವಾಗಿರಲಿಲ್ಲ. ಅದರ ಎರಡು ಕದಗಳ ದೊಡ್ಡ ಬಾಗಿಲು ಎಡಮಗ್ಗುಲಿನಲ್ಲಿ, ರೆಕ್ಕೆಯ ಹಿಂದೆ ಇತ್ತು. ಬಾಲದ ಕೆಳಗಿದ್ದುದು ಒಂದು ಪುಟ್ಟ ಗಾಲಿ. ಆದುದರಿಂದ ನಿಂತ ವಿಮಾನದ ಮೂಗು ಮೇಲಕ್ಕೂ ಬಾಲ ಕೆಳಕ್ಕೂ ಇದ್ದು, ಒಳಗಿನ ನೆಲ ಇಳಿಜಾರಾಗುತ್ತಿತ್ತು. ಲಾರಿಯನ್ನು ಹಿಮ್ಮುಖವಾಗಿ ಬಾಗಿಲಿಗೆ ತಂದು ನಿಲ್ಲಿಸಿ, ಸಾಮಾನುಗಳನ್ನು ಒಳಗೆ ದಾಟಿಸಿ, ಮುಂದಕ್ಕೆ ಏರುದಾರಿಯಲ್ಲಿ ನೂಕಬೇಕಾಗಿತ್ತು. ಭಾರವಾದುದನ್ನು ರೆಕ್ಕೆಗಳ ಸಮೀಪದಲ್ಲಿಟ್ಟು ನೆಲದ ಬಳೆಗಳಿಗೆ ಹಗ್ಗದಿಂದ ಬಿಗಿಯಬೇಕು. ಕಟ್ಟು ಸಡಿಲಿ ಭಾರವು ಹಿಂದಕ್ಕೆ ಸರಿದರೆ ವಿಮಾನವು ತೂಕ ತಪ್ಪಿ ಉರುಳಬಹುದು. ಸುಮಾರು 2,700 ಕಿಲೋಗ್ರಾಂ ಹೊರುವ ಈ ವಿಮಾನದಲ್ಲಿ ಫಿರಂಗಿಗಳು ಪೂಂಛ್‌ಗೆ ಬಂದವು. ಮರಳುವಾಗ ಅದೇ ಬಾಗಿಲಿನಿಂದ ನಿರಾಶ್ರಿತರು ಹತ್ತಿದರು. ಅಗತ್ಯ ಬಿದ್ದಾಗ ಆ ಬಾಗಿಲಿನಿಂದಲೇ ಬಾಂಬುಗಳನ್ನು ಉರುಳಿಸುವ ಉಪಾಯವನ್ನೂ ಮೆಹರ್ ಸಿಂಗರು ಆಚರಣೆಗೆ ತಂದರು.

1948ರ ಮೇ 24ರಂದು ಅವರು ಲೇಹ್‌ಗೆ ಹಾರಿದರು. ಜೊತೆಯಲ್ಲಿದ್ದವರು ನಮ್ಮ ಕೊಡಗಿನ ವೀರ ಜನರಲ್ ತಿಮ್ಮಯ್ಯನವರು. ಇಂಜಿನಿಯರ್ ಸೋನಂ ನೋರ್ಬು ಅವರು ಸಿಂಧೂ ನದಿಯ ಬಳಿ ಸಿದ್ಧಪಡಿಸಿದ್ದ ಆ ದಾರಿ ಸಮುದ್ರಮಟ್ಟದಿಂದ 10,000 ಅಡಿಗೂ ಎತ್ತರದಲ್ಲಿತ್ತು. ಅಲ್ಲಿ ಗಾಳಿ ತೆಳುವಾದುದರಿಂದ ರೆಕ್ಕೆಗಳಿಗೆ ಆಸರೆ ಕಡಮೆ, ಯಂತ್ರಗಳಿಗೆ ಬಲ ಕಡಮೆ. ಒಳಗೆ ಗಾಳಿಯ ಒತ್ತಡವನ್ನು ಕಾಯುವ ಏರ್ಪಾಡೂ ಡಕೋಟಕ್ಕೆ ಇರಲಿಲ್ಲ. ಆದರೂ ಅವರು ಸುರಕ್ಷಿತವಾಗಿ ಇಳಿದರು. ಅವರು ತೋರಿದ ದಾರಿಯಲ್ಲಿ ಸೈನಿಕರು ಬಂದು ಲೇಹ್ ಉಳಿಯಿತು. ರಾಷ್ಟ್ರವು ಅವರಿಗೆ ಮಹಾವೀರ ಚಕ್ರವನ್ನಿತ್ತು ಗೌರವಿಸಿತು.

1948ರಲ್ಲಿಯೇ ಅವರು ವಾಯುಪಡೆಯನ್ನು ಬಿಟ್ಟರು. 1952ರ ಮಾರ್ಚ್ 11ರ ರಾತ್ರಿ ದೆಹಲಿಯತ್ತ ಹಾರುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ, 37 ವರ್ಷ ತುಂಬುವ ಮೊದಲೇ ಅಸುನೀಗಿದರು. 1954ರಿಂದ ನಮ್ಮ ವಾಯುಪಡೆಗೆ ಪ್ಯಾಕೆಟ್ ವಿಮಾನಗಳು ಬಂದವು. ಅವುಗಳ ಬೆನ್ನ ಕಡೆಯೇ ಬಾಗಿಲಾಗಿ ತೆರೆಯುತ್ತಿತ್ತು, ನೆಲ ಸಮತಟ್ಟಾಗಿತ್ತು, ಜೀಪು ನೇರವಾಗಿ ಒಳಹೋಗುತ್ತಿತ್ತು. ಆ ಅನುಕೂಲವು ಮೆಹರ್ ಸಿಂಗರ ಪಾಲಿಗೆ ಬರಲಿಲ್ಲ.

ಧೈರ್ಯವೆಂದರೆ ಕಣ್ಣು ಮುಚ್ಚಿ ಧುಮುಕುವುದೆಂದು ಕೆಲವರು ತಿಳಿಯುತ್ತಾರೆ. ತಮ್ಮ ವಿಮಾನ ಎಷ್ಟು ಹೊರಬಲ್ಲುದು, ಎಷ್ಟು ನೆಲದಲ್ಲಿ ನಿಲ್ಲಬಲ್ಲುದು ಎಂಬುದನ್ನು ಬಲ್ಲವರಾಗಿ, ಇತರರನ್ನು ಕಳುಹುವ ಮುನ್ನ ತಾವೇ ಹೋಗಿ ಬಂದವರು ಮೆಹರ್ ಸಿಂಗರು. ಆ ಧೈರ್ಯವೇ ಅನುಕರಣೀಯವೆಂದು ನಾವು ಭಾವಿಸುತ್ತೇವೆ.