ಏಳನೇ ಯತ್ನಕ್ಕೆ ಎವರೆಸ್ಟ್: ತೇನ್‌ಸಿಂಗ್‌ಗೆ ದಾರಿ ತೋರಿದ್ದು ಹಿಂದಿನ ವರ್ಷದ ಸೋಲು

1953ರ ಮೇ 29 ಎಲ್ಲರಿಗೂ ನೆನಪಿದೆ. ಆದರೆ ತೇನ್‌ಸಿಂಗ್ ನೋರ್ಗೆ ಅವರ ಎವರೆಸ್ಟ್ ಕಥೆಯಲ್ಲಿ 1952ರ ಮೇ ತಿಂಗಳ ಒಂದು ರಾತ್ರಿಗೂ ಅಷ್ಟೇ ತೂಕವಿದೆ.

1935ರಲ್ಲಿ ಬ್ರಿಟಿಷ್ ತಂಡದ ಹೊರೆಯಾಳಾಗಿ ಮೊದಲ ಬಾರಿ ಎವರೆಸ್ಟ್‌ನತ್ತ ಹೊರಟಿದ್ದ ಈ ಶೆರ್ಪಾ, ಆ ರಾತ್ರಿ ಸ್ವಿಸ್ ಆರೋಹಿ ರೇಮಂಡ್ ಲ್ಯಾಂಬರ್ಟ್ ಜತೆ ಸುಮಾರು 8,400 ಮೀಟರ್ ಎತ್ತರದಲ್ಲಿದ್ದರು. ಡೇರೆಯೊಂದಿತ್ತು, ಅಷ್ಟೇ. ಮಲಗುವ ಚೀಲವಿಲ್ಲ, ಸ್ಟೌ ಇಲ್ಲ. ಮೇಣದಬತ್ತಿಯ ಉರಿಗೆ ಹಿಮ ಕರಗಿಸಿ ಗಂಟಲು ಒದ್ದೆ ಮಾಡಿಕೊಂಡರು. ಮರುದಿನ ಆಮ್ಲಜನಕದ ಉಪಕರಣವೂ ಕೈಕೊಟ್ಟಿತು. ಸುಮಾರು 8,600 ಮೀಟರ್‌ನಿಂದ ಇಬ್ಬರೂ ಹಿಂದಿರುಗಿದರು.

ಮರುವರ್ಷ ಜಾನ್ ಹಂಟ್ ನೇತೃತ್ವದ ಬ್ರಿಟಿಷ್ ತಂಡಕ್ಕೆ ತೇನ್‌ಸಿಂಗ್ ಶೆರ್ಪಾಗಳ ಸರ್ದಾರ, ಆರೋಹಿಯೂ ಹೌದು. ಸಾಮಾನು ಹೊರಲು 350ಕ್ಕೂ ಹೆಚ್ಚು ಹೊರೆಯಾಳುಗಳು. ಒಂದರ ಮೇಲೊಂದು ಶಿಬಿರ ಹೂಡಿ ಆಹಾರ, ಇಂಧನ, ಆಮ್ಲಜನಕವನ್ನು ಮೊದಲೇ ಮೇಲಕ್ಕೆ ಮುಟ್ಟಿಸುವುದು ಯೋಜನೆ. ಮೇ 26ರಂದು ಮೊದಲ ಜೋಡಿ ದಕ್ಷಿಣ ಶಿಖರದಿಂದ ಮರಳಿತು. ಮೇ 28ರ ರಾತ್ರಿ ಸುಮಾರು 8,500 ಮೀಟರ್ ಎತ್ತರದ ಡೇರೆಯಲ್ಲಿ ಹಿಲರಿ ಮತ್ತು ತೇನ್‌ಸಿಂಗ್ ಬಳಿ ಸ್ಟೌ ಇತ್ತು, ಮಲಗುವ ಚೀಲಗಳಿದ್ದವು, ಕುಡಿಯಲು ಬಿಸಿ ಪಾನೀಯವೂ ಇತ್ತು. ಬೂಟು ಕಳಚಿ ಮಲಗಿದ್ದ ಹಿಲರಿ, ಬೆಳಗ್ಗೆ ಹೆಪ್ಪುಗಟ್ಟಿದ್ದ ಅವನ್ನು ಸ್ಟೌ ಮೇಲೆ ಕಾಯಿಸಬೇಕಾಯಿತು. ತೇನ್‌ಸಿಂಗ್ ಬೂಟು ಕಳಚಿರಲೇ ಇಲ್ಲ!

11.30ಕ್ಕೆ ತುದಿ ಮುಟ್ಟಿದಾಗ ಅವರ ಕೊರಳಲ್ಲಿದ್ದದ್ದು ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ಸ್ಕಾರ್ಫ್. ಮುಂದೆ ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ನಿರ್ದೇಶಕರಾದ ಅವರು 1986ರಲ್ಲಿ ಅದೇ ಊರಿನಲ್ಲಿ ನಿಧನರಾದರು.